ಇನ್ನೊಬ್ಬರ ಮೈಗೆ ನಾನು ಹಾಕಿದ ಅಂಕ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಮೂವತ್ತೆರಡು ವರ್ಷ ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಮಾಪುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಮಾಡಿ ನಿವೃತ್ತನಾದವನು ನಾನು. ಕಣ್ಣಲ್ಲಿ ನೋಡದೆ, ಕೈಯಲ್ಲಿ ತೂಗದೆ ಒಂದು ಅಂಕಿಯನ್ನೂ ಬರೆದವನಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆ ಹೋದದ್ದು ಕಚೇರಿಯಲ್ಲಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಜಿಮ್‌ನಲ್ಲಿ.

ಮಂಡಿ ನೋವಿಗೆ ತೊಡೆ ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಮೈಸೂರಿನ ವಿಜಯನಗರದ ನಮ್ಮ ಮನೆಯ ಹತ್ತಿರ ಇದ್ದ ಜಿಮ್‌ಗಳಲ್ಲಿ ಕನ್ನಡಿ ಜಾಸ್ತಿ, ಹಾಡಿನ ಸದ್ದು ಇನ್ನೂ ಜಾಸ್ತಿ. ಕುಂಬಾರಕೊಪ್ಪಲಿನಲ್ಲಿ ಒಂದು ಹಳೆಯ ಮರದ ಗೋದಾಮನ್ನು ಬಾಡಿಗೆಗೆ ಹಿಡಿದು ಒಬ್ಬರು ಹೊಸದಾಗಿ ಜಿಮ್ ಶುರು ಮಾಡಿದ್ದಾರೆ, ಅಲ್ಲಿ ಗಲಾಟೆ ಇಲ್ಲ ಎಂದು ತಿಳಿದು ಅಲ್ಲಿಗೆ ಸೇರಿದೆ. ತಗಡಿನ ಸೂರು, ಉದ್ದಕ್ಕೆ ಹಾಸಿದ ಹಸಿರು ಮ್ಯಾಟು, ಗೋಡೆಗೆ ಒರಗಿಸಿದ ಮರಳು ಚೀಲಗಳು. ಕನ್ನಡಿ ಒಂದೂ ಇರಲಿಲ್ಲ.

ನಡೆಸುತ್ತಿದ್ದವರು ಮೈಸೂರಿನವರೇ, ಮೂವತ್ತೈದರ ಆಸುಪಾಸು. ಎಲ್ಲರೂ ಅವರನ್ನು ಕೋಚ್ ಎನ್ನುತ್ತಿದ್ದೆವು. ಕಾಲೇಜಿನಲ್ಲಿ ರಗ್ಬಿ ಆಡಿದವರು. ಆಮೇಲೆ ಹೊರದೇಶದಲ್ಲಿ ಒಂದು ವೃತ್ತಿಪರ ರಗ್ಬಿ ತಂಡದ ಆಟಗಾರರನ್ನು ಸಿದ್ಧಪಡಿಸುವವರ ಕೈಕೆಳಗೆ ಎರಡು ವರ್ಷ ಸಹಾಯಕರಾಗಿದ್ದು ಊರಿಗೆ ಮರಳಿದ್ದರು. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವುದು, ಓಡುವವನನ್ನು ಅಪ್ಪಿ ಕೆಡವುವುದು, ಎರಡು ಗುಂಪು ತಲೆ ತಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವುದು, ಇದಿಷ್ಟು ಆ ಆಟ ಎಂದು ಮೊದಲ ದಿನ ಫೋನಿನಲ್ಲಿ ತೋರಿಸಿದರು.

"ಕಬಡ್ಡಿ ಆಡೋರ ಕೈಗೆ ಚೆಂಡು ಕೊಟ್ಟಂಗದೆ," ಎಂದರು ನನ್ನ ಪಕ್ಕದಲ್ಲಿದ್ದವರು.

"ನೀವ್ಯಾರೂ ರಗ್ಬಿ ಆಡೋದು ಬೇಡ," ಎಂದರು ಕೋಚ್. "ಗ್ಯಾಸ್ ಸಿಲಿಂಡರ್ ಎತ್ತೋದು, ಬಸ್ಸಿಗೆ ಓಡೋದು, ಬಿದ್ರೆ ಎದ್ದೇಳೋದು. ಇಷ್ಟಕ್ಕೆ ಬೇಕಾದ್ದೆಲ್ಲ ಆ ಆಟದವರ ತಯಾರೀಲಿ ಇದೆ. ಅಷ್ಟು ಮಾತ್ರ ತಗೊಳ್ಳೋಣ."

ಕಬಡ್ಡಿ ಎಂದವರು ಒಬ್ಬ ವೆಲ್ಡರ್. ವಯಸ್ಸು ನಲವತ್ತಾರು. ವರುಣದ ಕಡೆಯ ಬೇಸಾಯದ ಮನೆಯವರು. ಕುಂಬಾರಕೊಪ್ಪಲಿನಲ್ಲೇ ಗೇಟು, ಗ್ರಿಲ್ ಮಾಡುವ ಶೆಡ್ಡು ಇಟ್ಟಿದ್ದರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆಂದು ಹೆಂಡತಿ ಬಲವಂತವಾಗಿ ಸೇರಿಸಿದ್ದರು. ಬೆಳಗಿನ ಆರು ಗಂಟೆಯ ಬ್ಯಾಚಿನಲ್ಲಿ ನಾವು ಆರು ಜನ. ಕೋಚ್ ನಮ್ಮನ್ನು ಮೂರು ಜೋಡಿ ಮಾಡಿದರು. ಒಬ್ಬರು ದುಡಿಯುವಾಗ ಇನ್ನೊಬ್ಬರು ನಿಂತು ಎಣಿಸಬೇಕು, ಉಸಿರು ನೋಡಬೇಕು. ವೆಲ್ಡರಿಗೆ ನಾನು ಜೋಡಿಯಾದೆ.

ತಳ್ಳಾಟದ ಬದಲಿಗೆ ಒಂದು ಸ್ಲೆಡ್ ಬೇಕು ಎಂದು ಕೋಚ್ ಚಿತ್ರ ತೋರಿಸಿದರು. ಕಬ್ಬಿಣದ ಹಲಗೆ, ಅದರ ಮೇಲೆ ಹಿಡಿದು ತಳ್ಳಲು ಎರಡು ಕಂಬ, ಭಾರದ ಪ್ಲೇಟು ಪೋಣಿಸಲು ನಡುವೆ ಒಂದು ಗೂಟ. ನಾಲ್ಕೇ ದಿನದಲ್ಲಿ ವೆಲ್ಡರ್ ಅದನ್ನು ಮಾಡಿ ತಂದರು. ಇಳಿಸುವಾಗ ಯಾರೋ ನೇಗಿಲು ಬಂತು ಅಂದರು, ಅದಕ್ಕೆ ಅದೇ ಹೆಸರಾಯಿತು.

"ಎತ್ತು ಎಲ್ಲಪ್ಪಾ ಕೋಚಪ್ಪ?"

"ನೀವೇ ಕಣಣ್ಣ."

"ಅಂಗಾದ್ರೆ ಹಿಂಡಿ, ಬೂಸ ನಿಂದೇಯಾ?"

ನಾವು ತಿಂಗಳುಗಟ್ಟಲೆ ಹೀಗೆ ನಗುತ್ತ ನೇಗಿಲು ತಳ್ಳಿದೆವು. ನೆಲಕ್ಕೆ ಎದೆ ತಾಗಿಸಿ ಬಿದ್ದು, ಎದ್ದು, ಹತ್ತು ಹೆಜ್ಜೆ ಓಡಿದೆವು. ಮರಳು ಚೀಲ ಅಪ್ಪಿಕೊಂಡು ನಡೆದೆವು. ನಾಲ್ಕನೆಯ ತಿಂಗಳಲ್ಲಿ ಕೈಯೂರದೆ ನೆಲದಿಂದ ಎದ್ದು ನಿಂತೆ. ಮನೆಯಲ್ಲಿ ಅದನ್ನು ಹೆಂಡತಿಗೆ ಎರಡು ಸಲ ಮಾಡಿ ತೋರಿಸಿದೆ.

ಆ ತಂಡದಿಂದ ಕೋಚ್ ತಂದ ಇನ್ನೊಂದು ಪದ್ಧತಿಯೂ ಇತ್ತು. ಅಲ್ಲಿ ಆಟಗಾರರು ಬೆಳಿಗ್ಗೆ ಬಂದ ತಕ್ಷಣ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಂತೆ. ನಿದ್ದೆ ಹೇಗಾಯಿತು, ಮೈ ನೋವು ಎಷ್ಟಿದೆ, ಸುಸ್ತು ಎಷ್ಟಿದೆ, ಮನಸ್ಸು ಹೇಗಿದೆ, ಮೂತ್ರದ ಬಣ್ಣ ಯಾವುದು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ, ನೋವು, ಸುಸ್ತು ಒಂದಿಷ್ಟೂ ಇಲ್ಲದೆ ತೀರಾ ಚೆನ್ನಾಗಿದ್ದರೆ ಐದು. ಅದನ್ನು ನೋಡಿಯೇ ಆ ದಿನ ಯಾರಿಗೆ ಎಷ್ಟು ಭಾರ ಎಂದು ತೀರ್ಮಾನ. ಕೋಚ್ ಒಂದು ಉದ್ದನೆಯ ನೋಟ್‌ಬುಕ್‌ಗೆ ಗೆರೆ ಹಾಕಿ ಬಾಗಿಲ ಬಳಿ ಮೇಜಿನ ಮೇಲಿಟ್ಟರು. ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದು, ನೀರಿನ ಬಣ್ಣದಿಂದ ಕಂದಿನವರೆಗೆ ಎಂಟು ಪಟ್ಟಿ ಕತ್ತರಿಸಿ, ಟಾಯ್ಲೆಟ್‌ನ ಗೋಡೆಗೆ ಅಂಟಿಸಿದರು.

ಮೊದಲ ವಾರ ಅದರದ್ದೇ ತಮಾಷೆ. ನಮ್ಮ ಬ್ಯಾಚಿನಲ್ಲಿ ಸಿದ್ಧಾರ್ಥನಗರದಿಂದ ಬರುತ್ತಿದ್ದ ಒಬ್ಬ ಟೀಚರ್ ಇದ್ದರು. ಅವರು ಪೆನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. "ಥೂ, ಇದನ್ನೆಲ್ಲ ಬರೆದು ನಾಲ್ಕು ಜನ ಓದೋ ಜಾಗದಲ್ಲಿ ಇಡೋದಾ ಕೋಚ್?" ವೆಲ್ಡರ್ ಮಾತ್ರ, "ಯಾರಾದ್ರೂ ಎಂಗಿದೀಯಾ ಅಂದ್ರೆ ಚೆನ್ನಾಗಿವ್ನಿ ಅನ್ಬೇಕು ಕಣಮ್ಮ. ನೆಗಡಿ ಅದೆ, ಕೆಮ್ಮದೆ ಅಂತ ಪಟ್ಟಿ ಓದ್ತಾರಾ?" ಎಂದು ಸಾಲಾಗಿ ಐದು ಐದು ಹಾಕಿದರು.

ಎಲ್ಲರೂ ಐದು ಬರೆಯಲು ಕಾರಣ ಬರೀ ಮರ್ಯಾದೆಯಲ್ಲ. ಎರಡನೆಯ ವಾರ ಟೀಚರ್ ನಿಜ ಬರೆದರು. ಮೈ ನೋವಿಗೆ ಎರಡು, ನಿದ್ದೆಗೆ ಎರಡು. ಕೋಚ್ ಅದನ್ನು ಓದಿ ಅವರ ನೇಗಿಲಿನಿಂದ ಎಲ್ಲ ಪ್ಲೇಟು ತೆಗೆದರು. ಖಾಲಿ ನೇಗಿಲು ಮ್ಯಾಟಿನ ಮೇಲೆ ಸರಸರ ಓಡಿತು. ಹಿಂದಿನಿಂದ ಯಾರೋ, "ಮೇಡಂ ತಳ್ಳೋಗಾಡಿ ವ್ಯಾಪಾರಕ್ಕೆ ಹೊರಟ್ರು," ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮಾರನೆಯ ದಿನದಿಂದ ಅವರೂ ಐದು ಬರೆದರು.

ಇನ್ನು ನನ್ನ ಪಾಲು. ನಾನು ಐದೂ ಮುಕ್ಕಾಲಿಗೇ ತಲುಪುತ್ತಿದ್ದೆ. ಅಕ್ಷರ ದುಂಡಗಿದೆ. ಉಳಿದವರು ಬೂಟು ಬಿಚ್ಚುತ್ತ, "ನಂದೂ ಹಾಕ್ಬುಡಿ ಸಾರ್," ಎನ್ನುತ್ತಿದ್ದರು. ಮೂರನೆಯ ತಿಂಗಳಿಗೆ ಅವರು ಹೇಳುವುದೂ ಬೇಡವಾಯಿತು. ನಾನು ಬಂದವನೇ ಆರು ಜನರ ಹೆಸರಿನ ಮುಂದೆ ಐದೈದು ಐದು ತುಂಬಿ, ಪೆನ್ನು ಮುಚ್ಚಿ, ಕಾಲು ಚಾಚಿ ಕೂರುತ್ತಿದ್ದೆ. ಒಂದು ಅಂಗಡಿಯಲ್ಲಿ ಯಾರಾದರೂ ತೂಗದೆ ಹೀಗೆ ಅಂಕಿ ಬರೆದಿದ್ದರೆ ನಾನು ಅವರ ತಕ್ಕಡಿಯನ್ನೇ ಜಪ್ತಿ ಮಾಡುತ್ತಿದ್ದೆ. ಇಲ್ಲಿ ಅದು ನೆನಪಿಗೇ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಈಗಲೂ ನನಗೆ ಗೊತ್ತಿಲ್ಲ. ಅದು ಕೆಲಸ, ಇದು ಆಟ ಅಂದುಕೊಂಡಿದ್ದೆನೋ ಏನೋ.

ಆಷಾಢದ ಎರಡನೆಯ ಶುಕ್ರವಾರ ವೆಲ್ಡರ್ ಜಿಮ್‌ಗೆ ಬರಲಿಲ್ಲ. ಮಗಳಿಗೆ ಗಂಡು ನಿಶ್ಚಯವಾಗಿತ್ತು. ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಅವರ ಹೆಂಡತಿ ಹರಕೆ ಹೊತ್ತಿದ್ದರು. ಶನಿವಾರ ಬೆಳಿಗ್ಗೆ ಅವರು ಬಂದರು. ಶನಿವಾರವನ್ನು ಕೋಚ್ ಪಂದ್ಯದ ದಿನ ಎನ್ನುತ್ತಿದ್ದರು. ವಾರದ ಪರೀಕ್ಷೆ ಅವತ್ತು. ಯಾರು ಎಷ್ಟು ಸಲ ನೇಗಿಲನ್ನು ಆ ತುದಿಗೆ ಮುಟ್ಟಿಸುತ್ತಾರೆ ಎಂದು ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದರು.

ವೆಲ್ಡರ್ ಒಳಗೆ ಬರುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೆಂಚಿನ ಮೇಲೆ ಕೂರುವಾಗ ಎರಡೂ ಕೈ ಊರಿ ನಿಧಾನವಾಗಿ ಮೈ ಇಳಿಸಿದರು. ನಾನು ನೋಡಿದೆ.

"ಏನಾಯ್ತು?"

"ಮುನ್ನೂರು ಮೆಟ್ಲಿಗೆ ನಮ್ಮನೆಯವಳ ಸೊಂಟ ಹಿಡ್ಕೊಂಬುಡ್ತು ಸಾರ್. ಹರಕೆ ಅರ್ಧಕ್ಕೆ ಬುಡೋಕಾಯ್ತದಾ? ಮಿಕ್ಕಿದ್ದೆಲ್ಲ ನಾನೇ ಹಚ್ಚಿದೆ. ಕೂತ್ಕೊ, ಹಚ್ಚು, ಎದ್ದೇಳು, ಹತ್ತು. ಏಳ್ನೂರು ಸಲ." ಅವರು ನಗುತ್ತಿದ್ದರು. "ಕೋಚಪ್ಪ ಮಾಡ್ಸೋದು ಇಪ್ಪತ್ತು."

"ಊಟ?"

"ಉಪವಾಸ ಅಲ್ವಾ. ನೀರೂ ಕುಡೀದೆ ಹತ್ತಿದ್ದು. ಸಂಜೆ ಒಂದಿಷ್ಟು ಅವಲಕ್ಕಿ ತಿಂದೆ. ತೊಡೆ ಕಲ್ಲಾಗದೆ, ಮುಟ್ಟಿ ನೋಡಿ."

ಮುಟ್ಟಿ ನೋಡಿದೆ. ಕಲ್ಲಿನ ಹಾಗೇ ಇತ್ತು. ನಾನು ಆಗಲೇ ಬರೆದಿದ್ದ ಸಾಲಿನ ಮೇಲೆ ಪೆನ್ನಿಟ್ಟು, "ಇವತ್ತು ಎರಡು ಹಾಕ್ತೀನಿ," ಎಂದೆ.

"ಅಯ್ಯೋ, ಬುಡಿ ಸಾರ್. ಎರಡು ಹಾಕಿದ್ರೆ ಖಾಲಿ ನೇಗ್ಲು ಕೊಡ್ತಾನೆ. ನಾನೇ ಬೆಸುಗೆ ಹಾಕಿದ ನೇಗ್ಲು ಕಣ್ರೀ ಅದು! ಆ ಮೇಡಂ ಮುಂದೆ ತಳ್ಳೋಗಾಡಿ ಮಾಡ್ಸಬೇಡಿ ನಂಗೆ."

ನಾನು ತಿದ್ದಲಿಲ್ಲ. ಐದು ಹಾಗೇ ಉಳಿಯಿತು. ಕೋಚ್ ಬಂದು ನೋಟ್‌ಬುಕ್ ನೋಡಿದರು, ಎಂದಿನಂತೆ ಪೂರ್ತಿ ಭಾರ ಪೋಣಿಸಿದರು. ವೆಲ್ಡರ್ ತಳ್ಳಿದರು, ನಾನು ಪಕ್ಕದಲ್ಲಿ ನಡೆಯುತ್ತ ಎಣಿಸಿದೆ. ಒಂಬತ್ತನೆಯ ಸಲಕ್ಕೆ ಮುಖ ಬಿಳುಚಿತು. ಹನ್ನೊಂದಕ್ಕೆ ಕಾಲು ಥರಗುಟ್ಟಿತು. ಹದಿನಾಲ್ಕಕ್ಕೆ ಅವರು ನೇಗಿಲಿನ ಕಂಬಕ್ಕೆ ಹಣೆ ಒತ್ತಿ ನಿಂತರು. ಅಲ್ಲಿಯವರೆಗೆ ಯಾರೂ ಹನ್ನೆರಡು ದಾಟಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಸಮಯ ಖಚಿತವಾಗಿ ಗೊತ್ತು, ಫೋನಿನಲ್ಲಿ ಇನ್ನೂ ಇದೆ.

"ಸಾರ್, ಕಾಲು ಮಡಿಸಕ್ಕೆ ಆಯ್ತಿಲ್ಲ. ಇನ್ನೊಂದು, ಹೇಳಕ್ಕೆ ನಾಚ್ಕೆ. ಒಂದಕ್ಕೆ ಹೋದ್ರೆ ಕಾಫಿ ಡಿಕಾಕ್ಷನ್ ಹೋದಂಗೆ ಹೋಯ್ತದೆ. ಆ ಪೇಂಟ್ ಪಟ್ಟೀಲಿ ಕೊನೇದು."

"ಉಷ್ಣ ಆಗಿದೆ," ಎಂದೆ. "ಎಳನೀರು ಕುಡೀರಿ."

ನಾನೇ ಸ್ಕೂಟರಿನಲ್ಲಿ ಹೋಗಿ ಎರಡು ಎಳನೀರು ತೆಗೆದುಕೊಂಡು ಅವರ ಮನೆಗೆ ಕೊಟ್ಟು ಬಂದೆ. ಅವರು ನನ್ನೆದುರೇ ಎರಡನ್ನೂ ಕುಡಿದರು. ಅವರ ಹೆಂಡತಿ, "ಇವ್ರಿಗೆ ನಿಮ್ಮಷ್ಟು ಕಾಳಜಿ ತಗೊಳ್ಳೋರು ಯಾರೂ ಇಲ್ಲ ಅಣ್ಣ," ಎಂದರು. ಆಸ್ಪತ್ರೆ ಎಂಬ ಮಾತನ್ನು ನಾನು ಆಡಲಿಲ್ಲ.

ಸೋಮವಾರ ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಟೀಚರಿಂದ ವಿಷಯ ತಿಳಿದು ನಾನು ಹೋದಾಗ ವಾರ್ಡಿನ ಹೊರಗೆ ಜೋರು ಮಾತು ಕೇಳಿಸುತ್ತಿತ್ತು. ವೆಲ್ಡರ ಭಾವಮೈದ ಕೋಚ್‌ನ ಎದುರಿಗೆ ನಿಂತಿದ್ದರು.

"ಮನುಷ್ಯನ್ನ ತಂದು ಎತ್ತು ಮಾಡ್ಬುಟ್ಯಲ್ಲಯ್ಯಾ! ಫಾರಿನ್ನಾಗೆ ಕಲ್ತಿದ್ದು ಇದೇನಾ ನೀನು?"

ಕೋಚ್ ನೋಟ್‌ಬುಕ್ ತಂದಿದ್ದರು. ಪುಟ ತೆರೆದು ತೋರಿಸಿದರು. "ಅಣ್ಣ, ನೋಡಿ. ಶನಿವಾರ ಬೆಳಿಗ್ಗೆ. ನೋವು ಐದು, ಸುಸ್ತು ಐದು, ಬಣ್ಣ ಐದು. ಮೈ ಚೆನ್ನಾಗಿದೆ ಅಂತ ಅವರೇ ಬರೆದಿದ್ದಾರೆ. ಅದನ್ನ ನೋಡಿನೇ ನಾನು ಭಾರ ಹಾಕಿದ್ದು."

ವೆಲ್ಡರ ಹೆಂಡತಿ ನೋಟ್‌ಬುಕ್ ಈಸಿಕೊಂಡು ನೋಡಿದರು. "ಇದು ಅವರ ಅಕ್ಷರ ಅಲ್ಲ," ಎಂದರು.

"ನನ್ನ ಅಕ್ಷರ," ಎಂದೆ.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ನಡುವಯಸ್ಸಿನ ಹೆಂಗಸು, ಬೇಗ ಬೇಗ ಮಾತಾಡುವವರು. ಮಿತಿಮೀರಿ ದುಡಿದು ತೊಡೆಯ ಸ್ನಾಯು ಒಡೆದಿದೆ, ಅದರೊಳಗಿನ ಕಶ್ಮಲ ರಕ್ತಕ್ಕೆ ಸೇರಿದೆ, ಅದನ್ನು ಸೋಸಲು ಹೋಗಿ ಕಿಡ್ನಿ ಕಟ್ಟಿಕೊಳ್ಳುತ್ತಿದೆ ಎಂದರು. "ಪೇಷಂಟ್ ಇವತ್ತು ಬೆಳಿಗ್ಗೆಯಿಂದ ಹೀಗೆ ಅಂತಾರೆ. ನನಗೆ ಸರಿ ಕಾಣ್ತಿಲ್ಲ. ಯಾವಾಗಿಂದ ಅಂತ ನಿಮಗ್ಯಾರಿಗಾದ್ರೂ ಗೊತ್ತಾ?"

ನಾನು ಹೇಳಿದೆ. ಶುಕ್ರವಾರ ಏಳುನೂರು ಮೆಟ್ಟಿಲು, ಕೂತು ಎದ್ದು. ನೀರಿಲ್ಲ. ಶನಿವಾರ ಬೆಳಿಗ್ಗೆ ತೊಡೆ ಗಟ್ಟಿಯಾಗಿತ್ತು, ಮುಟ್ಟಿ ನೋಡಿದ್ದೇನೆ. ಹದಿನಾಲ್ಕು ಸಲ ತಳ್ಳಿದರು. ಭಾನುವಾರ ಎಂಟೂವರೆಗೆ ಬಣ್ಣದ ವಿಷಯ ಹೇಳಿದರು. ಹತ್ತು ಗಂಟೆಯೊಳಗೆ ಎರಡು ಎಳನೀರು.

"ಎಳನೀರು ಯಾರು ಕುಡಿಸಿದ್ದು?"

"ನಾನು."

"ಪೊಟ್ಯಾಸಿಯಂ ಯಾಕೆ ಇಷ್ಟು ಏರಿದೆ ಅಂತ ನೋಡ್ತಿದ್ದೆ. ಎಳನೀರಲ್ಲಿ ಅದೇ ತುಂಬಿರೋದು. ಕಿಡ್ನಿ ಅದನ್ನ ಹೊರಗೆ ಹಾಕದೆ ಇದ್ದಾಗ ಹೃದಯಕ್ಕೇ ಅಪಾಯ ಸ್ವಾಮಿ." ಅವರು ಬೈಯಲಿಲ್ಲ. ಬರೆದುಕೊಂಡು ಒಳಗೆ ಹೋದರು.

ವೆಲ್ಡರ ಹೆಂಡತಿ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಡಲಿಲ್ಲ, ಪಕ್ಕದ ಕುರ್ಚಿಯ ಮೇಲಿಟ್ಟರು. "ಅಣ್ಣ ಅಂತ ಕರೀತಿದ್ದೆ ನಿಮ್ಮನ್ನ," ಎಂದರು.

ನಾನೂ ಕೋಚೂ ಕೆಳಗೆ ಬಂದು ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನಿಂತೆವು. ಅವರು ಹೇಳಿದ ಮಾತು ನೆನಪಿದೆ. "ಸರ್, ಆ ತಂಡದಲ್ಲಿ ಯಾರೂ ದಿನಾ ಐದು ಬರೆಯಲ್ಲ. ಬರೆದ್ರೆ ಮೊದಲು ಅವನನ್ನೇ ಕರೆದು ಕೇಳ್ತಾರೆ, ಏನು ಮುಚ್ಚಿಡ್ತಿದ್ದೀಯ ಅಂತ. ಮೂರು ತಿಂಗಳು ಆರು ಜನಕ್ಕೂ ಐದು ಐದು ಇದೆ. ಒಂದೇ ಅಕ್ಷರ. ನನಗೆ ಅನುಮಾನ ಬರಬೇಕಿತ್ತು. ನಮ್ಮೋರು ಗಟ್ಟಿ ಅಂತ ಖುಷಿಪಟ್ಟೆ." ತಪ್ಪು ಅವರದ್ದೂ ಇತ್ತು ಎಂದು ಒಪ್ಪಿಕೊಂಡರೆ ನನ್ನದು ಕಡಿಮೆಯಾಗುವುದಿಲ್ಲ. ಅವರಿಗೆ ಅಂಕಿ ಮಾತ್ರ ಗೊತ್ತಿತ್ತು. ನನಗೆ ತೊಡೆ ಗೊತ್ತಿತ್ತು.

ಈಗ ಆ ಜಿಮ್‌ನಲ್ಲಿ ಕೋಚ್ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳುತ್ತಾರೆ. ತಾವೇ ಬರೆದುಕೊಳ್ಳುತ್ತಾರೆ. ಹಲಗೆಯ ಮೇಲೆ ಯಾರ ಲೆಕ್ಕವನ್ನೂ ಬರೆಯುವುದಿಲ್ಲ. ವಾರಕ್ಕೊಮ್ಮೆ ಎಲ್ಲರೂ, ಅವರೂ ಸೇರಿ, ಖಾಲಿ ನೇಗಿಲು ತಳ್ಳುತ್ತೇವೆ. ಇದೆಲ್ಲ ಆಮೇಲಿನ ಮಾತು. ಆ ವಾರ ನನಗಿದ್ದ ಚಿಂತೆ ಒಂದೇ, ಆ ಮನುಷ್ಯನ ಕಿಡ್ನಿ ಉಳಿಯುತ್ತದೋ ಇಲ್ಲವೋ.

ಬುಧವಾರ ಬೆಳಿಗ್ಗೆ ವೆಲ್ಡರ ಹೆಂಡತಿ ಫೋನು ಮಾಡಿದರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ನನ್ ತಮ್ಮ ಊರಿಗೆ ಹೋದ. ಮಗಳು ಒಬ್ಳೇ ಅವಳೆ, ನಾನು ಮನೆಗೆ ಹೋಗಿ ಬರ್ಬೇಕು. ಮಧ್ಯಾಹ್ನ ಬಂದು ಕೂತ್ಕೊತೀರಾ? ಎರಡು ಗಂಟೆಗೊಂದ್ಸಲ ಮೂತ್ರ ಅಳೆದು ಬರೀಬೇಕು." ಸ್ವಲ್ಪ ತಡೆದು, "ಸರಿಯಾಗಿ ಬರೀಬೇಕು," ಎಂದರು.

ಹೋದೆ. ವೆಲ್ಡರ ಮುಖ ಊದಿತ್ತು. ಎರಡು ಕೈಗೂ ಡ್ರಿಪ್ ಹಾಕಿದ್ದರು. ಮಂಚದ ಕಾಲಿಗೆ ಒಂದು ಹಾಳೆ ಕಟ್ಟಿತ್ತು. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು, ಎರಡು ಸಾಲು. ನರ್ಸು ಗೆರೆಗಳಿದ್ದ ಪ್ಲಾಸ್ಟಿಕ್ ಜಗ್ಗು ತೋರಿಸಿ, ಪ್ರತಿ ಎರಡು ಗಂಟೆಗೆ ಮುನ್ನೂರು ಮಿಲಿಲೀಟರಾದರೂ ಬರಬೇಕು, ಸಂಜೆಯವರೆಗೆ ನೋಡುತ್ತಾರೆ, ಬರದಿದ್ದರೆ ನಾಳೆ ಡಯಾಲಿಸಿಸ್ ಎಂದು ಹೇಳಿ ಹೋದರು.

ಮಧ್ಯಾಹ್ನ ಎರಡಕ್ಕೆ ವೆಲ್ಡರ್ ಕೊಟ್ಟ ಮೂತ್ರದ ಪಾಟನ್ನು ಜಗ್ಗಿಗೆ ಸುರಿದೆ. ಕಿಟಕಿಯ ಕಟ್ಟೆ ಸಮವಾಗಿತ್ತು, ಅದರ ಮೇಲಿಟ್ಟೆ. ಮಂಡಿ ಬಗ್ಗಿಸಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಬಣ್ಣ ಕಡು ಚಹಾದ್ದು.

"ಎಷ್ಟು ಸಾರ್?"

"ನೂರ ನಲವತ್ತು."

"ಮುನ್ನೂರು ಬೇಕಂತಲ್ಲ."

"ಹೌದು."

ಅವರು ಬಾಗಿಲ ಕಡೆ ನೋಡಿದರು. "ಮುನ್ನೂರು ಹಾಕ್ಬುಡಿ ಸಾರ್. ನಮ್ಮತ್ತೆಗೆ ಆ ಮಿಷಿನ್ ಹಾಕಿದ್ರು. ಮತ್ತೆ ಎದ್ದಿಲ್ಲ ಅವ್ರು. ಸಂಜೆಗೆ ಬಂದೇ ಬರ್ತದೆ ನಂಗೆ, ಒಟ್ಟೆ ತುಂಬ ನೀರದೆ."

"ಆಗಲ್ಲ."

"ಮೂರು ತಿಂಗಳು ಕೇಳ್ದೆನೇ ಹಾಕಿದ್ರಿ. ಇವತ್ತು ಕೇಳ್ತಾ ಇವ್ನಿ. ನಿಮ್ಮ ಗಂಟೇನು ಹೋಯ್ತದೆ?"

ಜಗ್ಗಿನ ಕಡೆ ಇನ್ನೊಂದು ಸಲ ಬಗ್ಗಿ ನೋಡಿದೆ. ಹಾಳೆಯಲ್ಲಿ ನೂರ ನಲವತ್ತು ಎಂದು ಬರೆದೆ. ಬಣ್ಣವನ್ನೂ ಬರೆದೆ, ಯಾರೂ ಕೇಳಿರಲಿಲ್ಲ.

"ಮುದ್ರೆ ಒತ್ತೋ ಬುದ್ಧಿ ಇವತ್ತೇ ಬರ್ಬೇಕಿತ್ತಾ ಸಾರ್ ನಿಮ್ಗೆ," ಎಂದು ಅವರು ಗೋಡೆಗೆ ಮುಖ ತಿರುಗಿಸಿದರು. ಅವರ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದರೋ ಚಳಿಯೋ ತಿಳಿಯಲಿಲ್ಲ. ಹೊದಿಕೆ ಎಳೆದು ಹೊದಿಸಿದೆ, ಅವರು ಬೇಡ ಅನ್ನಲಿಲ್ಲ.

ನರ್ಸು ಹಾಳೆ ನೋಡಿ ಫೋನು ಮಾಡಿದರು. ಹತ್ತು ನಿಮಿಷದಲ್ಲಿ ಡಾಕ್ಟರು ಬಂದರು. ಕಾಲು ಒತ್ತಿ ನೋಡಿ, ಎದೆ ಆಲಿಸಿ, ಡ್ರಿಪ್ ಬದಲಿಸಿದರು, ಒಂದು ಇಂಜೆಕ್ಷನ್ ಕೊಡಿಸಿದರು. ಈಗಲೇ ತಿಳಿದದ್ದು ಒಳ್ಳೆಯದಾಯಿತು, ಇನ್ನು ನಾಲ್ಕು ತಾಸು ನೋಡೋಣ ಎಂದರು. ವೆಲ್ಡರ್ ಗೋಡೆ ನೋಡಿಕೊಂಡೇ ಕೇಳಿಸಿಕೊಂಡರು.

ನಾಲ್ಕು ಗಂಟೆಗೆ ಇನ್ನೂರ ಅರವತ್ತು. ಅವರು ಎಷ್ಟೆಂದು ಕೇಳಲಿಲ್ಲ, ನಾನೇ ಹೇಳಿದೆ. ಆರಕ್ಕೆ ನಾನೂರ ಹತ್ತು. ಬಣ್ಣ ಒಂದು ಪಟ್ಟಿಯಷ್ಟು ತಿಳಿಯಾಗಿತ್ತು. ಇನ್ನೊಂದು ಸಲ ಬಗ್ಗಿ ನೋಡಿದ ಮೇಲೇ ಬರೆದೆ.

ಅವರ ಹೆಂಡತಿ ಆರೂಕಾಲಿಗೆ ಗಂಜಿಯ ಡಬ್ಬಿ ಹಿಡಿದು ಬಂದರು. ಗಂಡ ಎಚ್ಚರವಾಗಿಯೇ ಇದ್ದರು. ಅವರನ್ನು ಕೇಳದೆ ನನ್ನ ಕಡೆ ತಿರುಗಿ, "ಎಷ್ಟಾಯ್ತು?" ಎಂದರು.

ಮೂರು ಅಂಕಿಗಳನ್ನೂ ಹೇಳಿದೆ, ನೂರ ನಲವತ್ತರಿಂದ ಶುರುಮಾಡಿ.